ಲೆಕ್ಕಕ್ಕೆ ಬಾರದ ಆಂಪಿಯರು

ಗ್ರೀನ್‌ಲ್ಯಾಂಡಿನ ಪಡುವಣ ದಂಡೆ. ಎಂಬತ್ತೆರಡು ಮನೆ,
ಒಂದು ಇಗರ್ಜಿ, ಮೀನು ಹೆಪ್ಪುಗಟ್ಟಿಸುವ ಒಂದು ಕಾರ್ಖಾನೆ,
ಎಲ್ಲಕ್ಕೂ ಬೆಳಕು ಈ ತಗಡಿನ ಮನೆಯಿಂದ.
ನವೆಂಬರಿನ ಕೊನೆ. ಸೂರ್ಯ ಇನ್ನು ಬರುವುದು ಜನವರಿಗೆ.

ರಾತ್ರಿ ಪಾಳಿಗೆ ಬಂದ ಬೋಲೆಟ್ಟೆ ಬೂಟು ಒದರಿ,
ಕಾಫಿಗಿಟ್ಟು, ಆಮೇಲೆ ಮುಳ್ಳು ನೋಡಿದಳು.
ಕಿಲೋವ್ಯಾಟು ಎರಡರದ್ದೂ ಸರಿಸಮ:
ನೂರಿಪ್ಪತ್ತು, ನೂರಿಪ್ಪತ್ತು.
ಪಂಚಾಯ್ತಿ ಕೂತು ಹಂಚಿಕೊಟ್ಟ ಹಾಗೆ
ಡೀಸೆಲ್ಲೂ ಅಷ್ಟಷ್ಟೇ; ಕಿವಿಗೆ ಒಂದೇ ಸದ್ದು.

ಆಂಪಿಯರ್ ಮಾತ್ರ ಬೇರೆ ಕತೆ ಹೇಳುತ್ತಿತ್ತು.
ಒಂದನೆಯದರಲ್ಲಿ ಇನ್ನೂರ ಹತ್ತು,
ಎರಡನೆಯದರಲ್ಲಿ ನಾನೂರ ಹದಿನೇಳು,
ಊರಿಗೆ ಹೊರಟದ್ದು ನಾನೂರ ಮೂವತ್ತಮೂರೇ.

ಕೂಡಿಸು, ಕಳೆ, ಎಂದಳು ಸೋದರಳಿಯ ನುಕಾನಿಗೆ.
ಅವನು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ,
ನೂರ ತೊಂಬತ್ತನಾಲ್ಕು ಉಳಿಯಿತಲ್ಲ ಅತ್ತೆ,
ಎಲ್ಲಿಗೆ ಹೋಗುತ್ತದೆ ಅದು?

ಎಲ್ಲಿಗೂ ಹೋಗುವುದಿಲ್ಲ.
ಈ ಗೋಡೆಯ ಹಿಂದೆ, ತಾಮ್ರದ ಪಟ್ಟಿಯ ಮೇಲೆ
ಇದರಿಂದ ಅದಕ್ಕೆ, ಅದರಿಂದ ಇದಕ್ಕೆ
ಸುಮ್ಮನೆ ತಿರುಗುತ್ತದೆ.
ಯಾರ ಮನೆಯ ಕೆಟಲೂ ಅದರಲ್ಲಿ ಕುದಿಯುವುದಿಲ್ಲ.
ತಂತಿ ಬಿಸಿಯಾಗುತ್ತದೆ, ಅಷ್ಟೇ.

ಎತ್ತು ಏರಿಗೆ, ಕೋಣ ನೀರಿಗೆ, ಅನ್ನುತ್ತದೆ ನನ್ನ ಭಾಷೆ.
ಇಲ್ಲಿ ಎತ್ತಿಲ್ಲ, ಕೋಣವಿಲ್ಲ,
ನೀರಂತೂ ಗಟ್ಟಿ.
ಮಂಜು ಕಟ್ಟಿದ ಕಿಟಕಿಯಲ್ಲಿ ಬೋಲೆಟ್ಟೆ
ಬೆರಳಿನಿಂದ ಒಂದು ಜಾರುಬಂಡಿ ಬರೆದಳು,
ಬೀಸಣಿಗೆಯಂತೆ ಹರಡಿದ ಹಗ್ಗ, ತುದಿಗೆ ಎರಡು ನಾಯಿ.
ಎರಡೂ ಮುಂದಕ್ಕೆಳೆಯುತ್ತಿವೆ, ನೋಡು, ಸಮವಾಗಿ.
ಜೊತೆಗೇ ಒಂದು ಎಡಕ್ಕೆ, ಒಂದು ಬಲಕ್ಕೆ.
ಬಂಡಿಗೆ ಅದರ ಸುಳಿವೇ ಇಲ್ಲ.
ಹಗ್ಗಕ್ಕೆ ಗೊತ್ತು.
ಎದೆಪಟ್ಟಿ ಉಜ್ಜಿದ ಚರ್ಮಕ್ಕೆ ಗೊತ್ತು.

ಮೂರು ದಿನದ ಕೆಳಗೆ ಹೆಲಿಕಾಪ್ಟರಿನಲ್ಲಿ ಬಂದ ಹುಡುಗ
ಎರಡನೆಯದಕ್ಕೆ ಹೊಸ ವೋಲ್ಟೇಜ್ ರೆಗ್ಯುಲೇಟರ್ ಕೂರಿಸಿ
ಹವೆ ಕೆಡುವ ಮೊದಲೇ ಹಾರಿದ್ದ.
ಆವತ್ತಿನಿಂದ, ಈಗ ನೆನೆದರೆ,
ಇನ್ನೂ ಸರಪಣಿಯ ವಯಸ್ಸಾಗದ ಆ ಕಂದು ಮರಿ
ಎರಡನೆಯದರ ಗಾಳಿಕಿಂಡಿಯ ಕೆಳಗೇ ಮಲಗುತ್ತಿತ್ತು.
ಮೂರು ರಾತ್ರಿ ಕಿಲೋವ್ಯಾಟ್ ಬರೆದುಕೊಂಡೆ, ಎಂದಳು,
ಮರಿಯನ್ನು ಬರೆದುಕೊಳ್ಳಲಿಲ್ಲ.

ಫೋನು. ಆರೊನ್, ಅರ್ಧ ಗಂಟೆ ಕಂಪ್ರೆಸರ್ ನಿಲ್ಲಿಸು.
ಹನ್ನೊಂದು ಟನ್ ಹ್ಯಾಲಿಬಟ್ ಇದೆ ಇಲ್ಲಿ!
ಹೊರಗಿಡು. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿದೆ,
ಪುಕ್ಕಟೆ.

ಊರನ್ನು ಒಂದನೆಯದರ ಹೆಗಲಿಗೆ ಹಾಕಿ
ಎರಡನೆಯದನ್ನು ನಿಲ್ಲಿಸಿ, ಮುಚ್ಚಳ ಬಿಚ್ಚಿದರೆ
ಕೇಬಲ್ಲಿಗೆ ತೊಡಿಸಿದ ಬಳೆಯಂಥ ಟ್ರಾನ್ಸ್‌ಫಾರ್ಮರು,
ಅದರಿಂದ ಹೊರಟ ಎರಡು ತೆಳು ತಂತಿ
ಅದಲುಬದಲು.
ಭಾರ ಬಂದಾಗ ತುಸು ಬಗ್ಗು ಎನ್ನಬೇಕಾದದ್ದು
ಇನ್ನಷ್ಟು ಸೆಟೆ, ಇನ್ನಷ್ಟು ಸೆಟೆ ಎನ್ನುತ್ತಿತ್ತು;
ಸೆಟೆದು ಚೆಲ್ಲಿದ್ದನ್ನು ಪಕ್ಕದ್ದು ಹೀರುತ್ತಿತ್ತು.

ಆ ಹುಡುಗನ ಹೆಸರೇನು?
ಯೆಸ್ಪರ್.
ಪಾಪ, ಬರುವಾಗ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದನಂತೆ.

ಎರಡು ಸ್ಕ್ರೂ. ಅಷ್ಟೇ ಕೆಲಸ.
ಬಿಗಿ ಮಾಡಿ, ಎಳೆದು ನೋಡಿ, ಮತ್ತೆ ಎಳೆದು ನೋಡಿ
ಯಂತ್ರ ಎಬ್ಬಿಸಿದಳು. ಸಿಂಕ್ರೋಸ್ಕೋಪಿನ ಮುಳ್ಳು
ಗಾಣದ ಹಾಗೆ ಸುತ್ತಿ, ನಿಧಾನಿಸಿ, ಹನ್ನೆರಡರ ಹತ್ತಿರ ಬಂದಾಗ
ಈಗ, ಎಂದಳು. ನುಕಾ ಬ್ರೇಕರ್ ಒತ್ತಿದ.
ಅವನ ಜೀವನದ ಮೊದಲ ಒತ್ತು.

ಕಾರ್ಖಾನೆ ಮರಳಿ ಬಂತು.
ನಾನೂರು ವೋಲ್ಟು ಮುನ್ನೂರ ತೊಂಬತ್ತೊಂದಕ್ಕಿಳಿದು
ದೀಪ ಒಂದು ಕೂದಲೆಳೆ ಮಂಕಾಯಿತು.
ಹುಡುಗ ಗುಂಡಿಗೆ ಕೈಹಾಕಿದ. ಬೇಡ ಬಿಡು, ಅದು ಬಗ್ಗಿದ್ದು.
ಇನ್ನೂರ ಹದಿನಾಲ್ಕು. ಇನ್ನೂರ ಹತ್ತೊಂಬತ್ತು.
ಇನ್ನೂ ಐದು ಹೆಚ್ಚುಕಮ್ಮಿ ಇದೆಯಲ್ಲ ಅತ್ತೆ?
ಐದು ಆಂಪಿಯರಿಗೆಲ್ಲ ಪಂಚಾಯ್ತಿ ಮಾಡಬಾರದು.

ಕಾಫಿ ಆರಿತ್ತು. ಅದನ್ನೇ ಕುಡಿದಳು.
ಕಿಟಕಿಯಲ್ಲಿ ಬರೆದ ನಾಯಿಗಳು ಕರಗಿ, ಇಳಿದು,
ಆ ಸಂದಿನಲ್ಲಿ ಹೊರಗಿನ ಮರಿ ಕಂಡಿತು:
ಎದ್ದು, ಗಾಳಿಕಿಂಡಿಗೆ ಮೂಗು ಕೊಟ್ಟು,
ಎರಡು ಸುತ್ತು ಸುತ್ತಿ, ಬೇಸರಪಟ್ಟು,
ಅಡುಗೆಯವಳ ಮನೆಯ ಕಡೆ ಹೊರಟಿತು.